ಗಾಡಿಯ ಬಾಯಿ ಕಟ್ಟಬೇಡಿ: ಪಿಕಪ್ ಮಾಲೀಕರು ಮಾಡಬೇಕಾದ್ದು, ಮಾಡಬಾರದ್ದು

ಪಿಕಪ್ ಇಟ್ಟುಕೊಂಡು ಬದುಕು ನಡೆಸುವ ಎಲ್ಲರಿಗೂ ಈ ಸೂಚನೆ. ನಿಮ್ಮದು ಬೊಲೆರೊ ಪಿಕಪ್ ಇರಬಹುದು, ದೋಸ್ತ್, ಯೋಧ, ಇಂಟ್ರಾ ಇರಬಹುದು, 2005ರಲ್ಲಿ ರಸ್ತೆಗಿಳಿದು ಊರೂರು ಹೊಕ್ಕ ಏಸ್ ಇರಬಹುದು. ಬೆಳಗಿನ ಜಾವ ಎಪಿಎಂಸಿಗೆ ಟೊಮೆಟೊ ಮುಟ್ಟಿಸಿ, ಮಧ್ಯಾಹ್ನ ಸಿಮೆಂಟು ಹೇರಿಕೊಂಡು ಊರಿಗೆ ಮರಳಿ, ತಿಂಗಳ ಕೊನೆಗೆ ಸಾಲದ ಕಂತು ಕಟ್ಟುವವರು ನೀವು. ಗಾಡಿ ಒಂದು ದಿನ ನಿಂತರೆ ಮನೆಯ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಗಾಡಿ ಕೆಟ್ಟಾಗ ಅವಸರ ಹೆಚ್ಚು, ಅವಸರದಲ್ಲಿ ಮಾಡಿಸುವ ಕೆಲಸ ತಪ್ಪುವುದೂ ಹೆಚ್ಚು.

ಗಾಡಿ ತನ್ನ ದೂರನ್ನು ತಾನೇ ಹೇಳುತ್ತದೆ. ಬಿಸಿಯ ಸೂಜಿ ಏರಿಸುತ್ತದೆ, ಫ್ಯೂಸ್ ಸುಡುತ್ತದೆ, ಹಿಂಬದಿ ಕುಗ್ಗಿಸುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚುತ್ತದೆ. ನಾವು ಮಾಡುವುದೇನು? ಸೂಜಿ ಏರಿದರೆ ಥರ್ಮೋಸ್ಟಾಟ್ ಕೀಳಿಸುತ್ತೇವೆ. ಫ್ಯೂಸ್ ಹೋದರೆ ತಂತಿ ಸುತ್ತುತ್ತೇವೆ. ಹಿಂಬದಿ ಕುಗ್ಗಿದರೆ ಕಮಾನಿಗೆ ಇನ್ನೆರಡು ಪ್ಲೇಟು ಹಾಕಿಸುತ್ತೇವೆ. ದೀಪ ಹೊತ್ತಿದರೆ ಅದನ್ನು ಆರಿಸಿಕೊಡುವವನ ನಂಬರ್ ಹುಡುಕುತ್ತೇವೆ. ಕಾಯಿಲೆ ಹಾಗೇ ಉಳಿಯುತ್ತದೆ, ಹೇಳುವ ಬಾಯಿ ಮುಚ್ಚಿಹೋಗುತ್ತದೆ. ಕೆಳಗೆ ಬರೆದ ಎಲ್ಲಕ್ಕೂ ಬುಡದಲ್ಲಿರುವ ನಿಯಮ ಒಂದೇ: ದೂರು ಕೇಳಿ, ಮೂಲ ಹುಡುಕಿ, ಆಮೇಲೆ ಕೈ ಹಾಕಿ.

1. ಸ್ಪ್ಯಾನರ್ ಹಿಡಿಯುವ ಮೊದಲು

ಮಾಡಬೇಕಾದ್ದು

• ಗಾಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ತೊಂದರೆ ಕಂಡ ದಿನ, ಓಡಿದ ಕಿಲೋಮೀಟರ್, ಆಗ ಹೇರಿದ್ದ ಭಾರ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಯಾವ ಗೇರಿನಲ್ಲಿತ್ತು, ಇಷ್ಟನ್ನು ಬರೆಯಿರಿ. "ಏನೋ ಸದ್ದು ಬರ್ತದಣ್ಣ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯ ಮೇಲೆ ಬಿಚ್ಚುತ್ತಾನೆ, ಊಹೆಯ ಬಿಲ್ಲನ್ನು ನೀವು ಕಟ್ಟುತ್ತೀರಿ.

• ಸದ್ದು ಯಾವುದರ ಜೊತೆ ಹುಟ್ಟುತ್ತದೆ, ಯಾವುದರ ಜೊತೆ ಅಡಗುತ್ತದೆ ಎಂದು ಕೇಳಿ. ಕ್ಲಚ್ ಒತ್ತಿದಾಗ ಮಾತ್ರ ಕಿರ್ರೆಂದರೆ ಮೊದಲು ರಿಲೀಸ್ ಬೇರಿಂಗ್ ನೋಡಿಸಿ. ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲಿದಾಗ ಗೊರಗೊರ ಹೆಚ್ಚಿದರೆ ಚಕ್ರದ ಬೇರಿಂಗ್ ನೋಡಿಸಿ. ಹಂಪಿನ ಮೇಲೆ ಟಕ್ ಎಂದರೆ ಕಮಾನಿನ ಶ್ಯಾಕಲ್ ಬುಷ್, ಗೇರು ಹಾಕಿ ಕ್ಲಚ್ ಬಿಟ್ಟ ಕ್ಷಣ ಕೆಳಗಿನಿಂದ ಟಣ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್.

• ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚು ಬೀಳುತ್ತಿದೆ. ಏರ್ ಫಿಲ್ಟರ್, ಟರ್ಬೊ ಪೈಪಿನ ಬಿರುಕು ಮೊದಲು ನೋಡಿ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ.

• ಕೆಂಪು ಆಯಿಲ್ ದೀಪ ಹೊತ್ತಿದರೆ ರಸ್ತೆ ಪಕ್ಕಕ್ಕೆ ಎಳೆದು ತಕ್ಷಣ ಎಂಜಿನ್ ಆರಿಸಿ. "ಗ್ಯಾರೇಜು ಎರಡೇ ಕಿಲೋಮೀಟರ್" ಎಂದು ಓಡಿಸಿದರೆ ಕ್ರ್ಯಾಂಕ್ ಬೇರಿಂಗ್ ಆ ಎರಡು ಕಿಲೋಮೀಟರಿನಲ್ಲೇ ಹೋಗುತ್ತದೆ.

• ಸ್ಕ್ಯಾನರ್ ಹಾಕಿಸಿದಾಗ ಕೋಡ್ ಅಳಿಸುವ ಮುಂಚೆ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಯಾವ ಸರ್ಕ್ಯೂಟಿನಲ್ಲಿ ತಪ್ಪಿದೆ ಎಂಬುದನ್ನಷ್ಟೇ ಕೋಡ್ ಹೇಳುತ್ತದೆ. ಸೆನ್ಸರ್ ಸತ್ತಿದೆಯೋ, ಇಲಿ ವೈರ್ ಕಡಿದಿದೆಯೋ, ಸಾಕೆಟ್ಟಿನಲ್ಲಿ ನೀರು ನಿಂತಿದೆಯೋ ಎಂಬುದನ್ನು ಕಣ್ಣಿಟ್ಟು ನೋಡಿಯೇ ತಿಳಿಯಬೇಕು.

ಮಾಡಬಾರದ್ದು

• ಒಂದೇ ಸಲಕ್ಕೆ ಎರಡು ಮೂರು ಭಾಗ ಬದಲಿಸಬೇಡಿ. ಗಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

• ಕಳಚಿದ ಹಳೆಯ ಭಾಗವನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕೈಯಲ್ಲಿ ಹಿಡಿದು, ಎಲ್ಲಿ ಸವೆದಿದೆ ಎಂದು ತೋರಿಸಲು ಕೇಳಿ.

• ಜಾಕ್ ಒಂದರ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬೇಡಿ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನೆಲದ ಮೇಲಿರುವ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೆ ಮಾತ್ರ ಒಳಗೆ ಹೋಗಿ. ಇಟ್ಟಿಗೆ ಪೇರಿಸಿ ಆಧಾರ ಕೊಡಬೇಡಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ.

2. ಬಿಸಿ ಏರಿದಾಗ

ಮಾಡಬೇಕಾದ್ದು

• ಸೂಜಿ ಕೆಂಪಿಗೆ ಹತ್ತಿರ ಬಂದರೆ ನಿಲ್ಲಿಸಿ. ಆವಿ ಬರುತ್ತಿದ್ದರೆ, ಕೂಲೆಂಟ್ ಸುರಿಯುತ್ತಿದ್ದರೆ ಎಂಜಿನ್ ಆರಿಸಿ. ಬಾನೆಟ್ ತೆರೆದು, ಮುಟ್ಟಿದರೆ ಕೈ ಸುಡದಷ್ಟು ಆರುವವರೆಗೆ ಕಾಯಿರಿ.

• ರೇಡಿಯೇಟರಿನ ಮುಂಭಾಗ ನೋಡಿ. ಹುಲ್ಲು, ತೆಂಗಿನ ನಾರು, ರಾಗಿ ಹೊಟ್ಟು ಸಾಗಿಸುವ ಗಾಡಿಗಳಲ್ಲಿ ಅದರ ಸಣ್ಣ ರೆಕ್ಕೆಗಳ ನಡುವೆ ಕಸ ತುಂಬಿ ಗಾಳಿ ನುಸುಳಲು ಜಾಗವಿರುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿ ಹೋಗುತ್ತವೆ.

• ಬೆಲ್ಟಿನ ಬಿಗಿ, ಫ್ಯಾನ್, ಹೋಸ್ ಪೈಪು, ಮುಚ್ಚಳದ ರಬ್ಬರು ಈ ನಾಲ್ಕನ್ನೂ ನೋಡಿದ ಮೇಲೆ ದೊಡ್ಡ ಕೆಲಸದ ಮಾತು ಎತ್ತಿ.

• ಕೈಪಿಡಿ ಹೇಳಿದ ಕೂಲೆಂಟನ್ನೇ ಹಾಕಿ. ಬೆರೆಸಬೇಕಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಕೋಲಾರ, ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರು ಹಂಡೆಯ ಬುಡದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಮನೆಯಲ್ಲೇ ನೋಡಿದ್ದೀರಿ. ಎಂಜಿನ್ನಿನೊಳಗೂ ಅದೇ ಪೊರೆ ಕಟ್ಟುತ್ತದೆ.

ಮಾಡಬಾರದ್ದು

• ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿದಿರುವುದಿಲ್ಲ. ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೇ ಎರಚುತ್ತದೆ. ಮೇಲೆ ಬಟ್ಟೆ ಹಾಕಿ ತೆಗೆದರೂ ಕೈ ಬೇಯುತ್ತದೆ.

• ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಡುತ್ತದೆ.

• ಸೋರಿಕೆಗೆ ಅರಿಶಿನ ಪುಡಿ ಹಾಕಬೇಡಿ. ರಂಧ್ರ ಮುಚ್ಚುವ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

• ಥರ್ಮೋಸ್ಟಾಟ್ ತೆಗೆಸಿ ಓಡಿಸಬೇಡಿ. "ನಮ್ಮ ಬಿಸಿಲಿಗೆ ಅದು ಬೇಡ" ಎನ್ನುವವರ ಮಾತು ತಪ್ಪು. ಎಂಜಿನ್ ಬೇಗ ಸರಿಯಾದ ಬಿಸಿಗೆ ಬರಲಿ, ಅಲ್ಲೇ ನಿಲ್ಲಲಿ ಎಂದೇ ಅದನ್ನು ಇಟ್ಟಿರುವುದು. ಅದಿಲ್ಲದ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

3. ಡೀಸೆಲ್ ಲೈನ್

ಮಾಡಬೇಕಾದ್ದು

• ಡೀಸೆಲ್ ಫಿಲ್ಟರಿನ ಬುಡದಲ್ಲಿ ನೀರು ಬಸಿಯುವ ತಿರುಪು ಇರುತ್ತದೆ. ಕೈಪಿಡಿ ಹೇಳಿದ ಅವಧಿಗೆ, ನೀರಿನ ದೀಪ ಹೊತ್ತಿದರೆ ಅಂದೇ, ಒಂದು ಗಾಜಿನ ಲೋಟಕ್ಕೆ ಬಸಿಯಿರಿ. ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುವುದು ಕಣ್ಣಿಗೇ ಕಾಣುತ್ತದೆ.

• ಫಿಲ್ಟರ್ ಬದಲಿಸಿದ ಮೇಲೆ ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ, ಗಾಳಿ ಹೊರಹೋದ ಮೇಲೆ ಸೆಲ್ಫ್ ಹೊಡೆಯಿರಿ.

ಮಾಡಬಾರದ್ದು

• ಕಾಮನ್ ರೈಲ್ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿನ ಪೈಪ್ ನಟ್ಟು ಸಡಿಲಿಸಬೇಡಿ. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಹಳೆಯ ಎಂಜಿನ್‌ಗಳಲ್ಲಿ ಹಾಗೆ ಮಾಡುತ್ತಿದ್ದರು. ನಿಮ್ಮ ಟೈರಿನಲ್ಲಿರುವ ಗಾಳಿಯ ಒತ್ತಡ ಮೂರು ನಾಲ್ಕು ಬಾರ್. ಕಾಮನ್ ರೈಲ್ ಪೈಪಿನೊಳಗಿನ ಡೀಸೆಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ. ಅದರ ಎಳೆ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರದೆ ಆಗಿಂದಾಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಏನಾಯಿತೆಂದು ಬಿಡಿಸಿ ಹೇಳಿ.

• ಸೋರಿಕೆ ಹುಡುಕಲು ಬೆರಳು ಸವರಬೇಡಿ. ಎಂಜಿನ್ ಆರಿಸಿ, ಒದ್ದೆಯಾದ ಜಾಗವನ್ನು ಕಣ್ಣಿನಿಂದಲೇ ಹುಡುಕಿ.

• ಸೀಮೆಎಣ್ಣೆ ಬೆರೆಸಬೇಡಿ. ಪಂಪಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಅದು ತೆಳುವಾದರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಎದ್ದು, ಆ ಪುಡಿ ಎಲ್ಲ ಇಂಜೆಕ್ಟರಿಗೂ ಹೋಗುತ್ತದೆ.

4. ಬಿಎಸ್-6 ಗಾಡಿಯ ದೀಪ

2020ರ ಏಪ್ರಿಲ್ 1ರಿಂದ ಮಾರಾಟವಾದ ಹೊಸ ಗಾಡಿಗಳು ಬಿಎಸ್-6. ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಸೇರಿದ ಮಸಿಯನ್ನು ಗಾಡಿಯೇ ಆಗಾಗ ಒಳಗೆ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಸಂತೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ತುಂಡು ತುಂಡು ಓಡುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ. ಮಸಿ ತುಂಬಿ ದೀಪ ಹೊತ್ತುತ್ತದೆ.

ಮಾಡಬೇಕಾದ್ದು

• ದೀಪ ಹೊತ್ತಿದ ದಿನವೇ ಕೈಪಿಡಿ ಹೇಳಿದ ವೇಗದಲ್ಲಿ, ಹೇಳಿದಷ್ಟು ಹೊತ್ತು, ಹೆದ್ದಾರಿಯಲ್ಲಿ ನಿಲ್ಲಿಸದೆ ಓಡಿಸಿ. ಆರಂಭದಲ್ಲಿ ಬರೀ ಓಟದಿಂದ ಸರಿಹೋಗುವುದು ತಡಮಾಡಿದರೆ ಗ್ಯಾರೇಜಿಗೆ ಹೋಗುತ್ತದೆ.

• ಕೈಪಿಡಿಯಲ್ಲಿ ಬರೆದ ದರ್ಜೆಯ ಎಂಜಿನ್ ಆಯಿಲ್ಲನ್ನೇ ಹಾಕಿಸಿ. ಬೇರೆ ಆಯಿಲ್ಲಿನ ಬೂದಿ ಫಿಲ್ಟರಿನಲ್ಲಿ ಉಳಿದುಬಿಡುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು.

ಮಾಡಬಾರದ್ದು

• ಮಸಿ ಸುಡುತ್ತಿರುವಾಗ ಒಣ ಹುಲ್ಲು, ಕಬ್ಬಿನ ರವುದಿ, ಒಕ್ಕಣೆಯ ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ಕಾವಿಗೆ ಹುಲ್ಲು ಹೊತ್ತಿ ಗಾಡಿಯೂ ಸುಡುತ್ತದೆ.

• ಫಿಲ್ಟರ್ ಕೊರೆಸಿ, ಸಾಫ್ಟ್‌ವೇರ್ ತಿದ್ದಿಸಿ ದೀಪ ಆರಿಸಬೇಡಿ. ಆ ಮಸಿ ಹೋಗುವುದು ನಿಮ್ಮ ಹಿಂದೆ ಬೈಕಿನಲ್ಲಿ ಬರುವವರ ಎದೆಗೆ. ಕಾನೂನಿನಲ್ಲೂ ಅದು ಅಪರಾಧ.

• ಡಿಇಎಫ್ ಟ್ಯಾಂಕ್ ಇರುವ ಗಾಡಿಗೆ ಹೊಲದ ಯೂರಿಯಾ ಕರಗಿಸಿ ಹಾಕಬೇಡಿ. ಡಿಇಎಫ್ ಎಂದರೆ ಶುದ್ಧ ನೀರಿನಲ್ಲಿ ಶೇಕಡಾ 32.5 ಶುದ್ಧ ಯೂರಿಯಾ. ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ, ಅದರಲ್ಲಿ ಬೇರೆ ಕಲ್ಮಶಗಳೂ ಇರುತ್ತವೆ. ನಳಿಕೆ ಕಟ್ಟಿಕೊಂಡು, ದುಬಾರಿಯಾದ ಕ್ಯಾಟಲಿಸ್ಟೇ ಹಾಳಾಗುತ್ತದೆ. ಬೆಳೆಗೆಂದು ಸಹಾಯಧನದಲ್ಲಿ ಬರುವ ಗೊಬ್ಬರವನ್ನು ಬೇರೆಡೆ ಬಳಸುವುದೂ ತಪ್ಪು.

5. ಬ್ಯಾಟರಿ, ಫ್ಯೂಸ್, ವೈರಿಂಗ್

ಮಾಡಬೇಕಾದ್ದು

• ಸೆಲ್ಫ್ ಬರೀ ಟಕ್ ಟಕ್ ಎಂದರೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಟರ್ಮಿನಲ್ ಬಿಚ್ಚಿ ಉಜ್ಜಿ, ಚಾಸಿಗೆ ಹೋಗುವ ಅರ್ಥ್ ವೈರಿನ ಬೋಲ್ಟು ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿಯಿರಿ. ಎಷ್ಟೋ "ಸತ್ತ" ಬ್ಯಾಟರಿಗಳು ಇದರಿಂದಲೇ ಎದ್ದು ಕೂರುತ್ತವೆ.

• ಮೀಟರ್ ಇದ್ದರೆ ಅಳೆಯಿರಿ. ಪೂರ್ತಿ ಚಾರ್ಜಾದ ಬ್ಯಾಟರಿ ಎಂಜಿನ್ ಆರಿಸಿ ಬಿಟ್ಟಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು. ಎಂಜಿನ್ ಓಡುವಾಗಲೂ 12.5 ದಾಟದಿದ್ದರೆ ಡೈನಮೋ ನೋಡಿಸಿ.

• ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್ ತೆಗೆಯಿರಿ, ಹಾಕುವಾಗ ಕೊನೆಗೆ ನೆಗೆಟಿವ್ ಹಾಕಿ. ಇನ್ನೊಂದು ಗಾಡಿಯಿಂದ ಕರೆಂಟು ಪಡೆಯುವಾಗ ಪಾಸಿಟಿವ್‌ಗೆ ಪಾಸಿಟಿವ್ ಕೊಡಿ. ಕಪ್ಪು ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ, ಅದರಿಂದ ದೂರದ ಎಂಜಿನ್ ಲೋಹಕ್ಕೆ ಹಿಡಿಸಿ. ಬ್ಯಾಟರಿಯಿಂದ ಹೊರಡುವ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ.

ಮಾಡಬಾರದ್ದು

• ಫ್ಯೂಸ್ ಜಾಗಕ್ಕೆ ತಂತಿ, ಸಿಗರೇಟು ಪ್ಯಾಕಿನ ಬೇಗಡೆ ಹಾಕಬೇಡಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಯಾವ ಬಣ್ಣ ಸುಟ್ಟಿತೋ ಅದೇ ಬಣ್ಣ ಹಾಕಿ. ಮತ್ತೆ ಸುಟ್ಟರೆ ವೈರ್ ಎಲ್ಲೋ ಉಜ್ಜಿ ಚಾಸಿ ಮುಟ್ಟುತ್ತಿದೆ, ಅದನ್ನು ಹುಡುಕಿ.

• ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಡೈನಮೋ ಪರೀಕ್ಷೆ ಮಾಡಬೇಡಿ. ಆಗ ಏರುವ ವೋಲ್ಟೇಜಿಗೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಸುಡುತ್ತದೆ. ಬ್ಯಾಟರಿಗಿಂತ ಹಲವು ಪಟ್ಟು ಬೆಲೆ ಅದಕ್ಕೆ.

• ಹೆಡ್‌ಲೈಟಿಗೆ 100 ವಾಟ್ ಬಲ್ಬು ಹಾಕಬೇಡಿ. 60 ವಾಟ್‌ನ ಎರಡು ಬಲ್ಬು 10 ಆಂಪಿಯರ್ ಎಳೆಯುತ್ತವೆ, 100 ವಾಟ್‌ನವು ಸುಮಾರು 17. ವೈರು, ಹೋಲ್ಡರು ಕರಗುತ್ತವೆ, ಎದುರಿನವನಿಗೆ ಕಣ್ಣು ಕಾಣುವುದಿಲ್ಲ. ಬೆಳಕು ಸಾಲದಿದ್ದರೆ ಗಾಜು ಒರೆಸಿ, ಅರ್ಥ್ ಸರಿಪಡಿಸಿ, ಕಂಪನಿಯ ಅದೇ ವಾಟಿನ ಬಲ್ಬಿಗೆ ಸರಿಯಾದ ರಿಲೇ ಹಾಕಿಸಿ.

6. ಕಮಾನು, ಬ್ರೇಕು, ಭಾರ

ಇದನ್ನು ಎರಡು ಸಲ ಓದಿ.

ವರ್ಷಗಳ ಹಿಂದೆ ನನ್ನ ಗಾಡಿಗೂ ಕಮಾನಿಗೆ ಎರಡು ಪ್ಲೇಟು ಸೇರಿಸಿದ್ದೆ. ಹಿಂಬದಿ ಕುಗ್ಗುವುದು ನಿಂತಿತು, ಗಾಡಿಗೆ ಬಲ ಬಂತು ಎಂದುಕೊಂಡೆ. ಮುಂಗಾರಿನ ಮೊದಲ ಮಳೆ ಬಿದ್ದ ಒಂದು ಸಂಜೆ, ತುಂಬಿದ ಗಾಡಿಯಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಮುಂದಿನ ಚಕ್ರಗಳು ಕಚ್ಚಿ ಜಾರಿದವು, ಹಿಂದಿನವು ಸುಮ್ಮನೆ ಉರುಳುತ್ತಲೇ ಇದ್ದವು. ಎದುರಿಗೆ ಎರಡೂ ಪಕ್ಕ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು. ಗಾಡಿ ನಿಂತಾಗ ನಡುವೆ ಉಳಿದದ್ದು ಎರಡು ಮಾರು. ಮೊಪೆಡ್ಡಿನ ಹುಡುಗ ತಿರುಗಿ ನೋಡಿ, ಏನೂ ಹೇಳದೆ ಹೋದ.

ಮರುದಿನ ಗಾಡಿಯ ಕೆಳಗೆ ಮಲಗಿ ನೋಡಿದಾಗ ಕಾರಣ ಕಂಡಿತು. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದು ಸೇರಿರುವುದು ಎಲ್‌ಎಸ್‌ಪಿವಿ ಎಂಬ ವಾಲ್ವಿಗೆ. ಭಾರಕ್ಕೆ ಗಾಡಿ ಕುಗ್ಗಿದರೆ "ಮೇಲೆ ತೂಕವಿದೆ" ಎಂದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಗಾಡಿ ಎತ್ತರ ನಿಂತಿದ್ದರೆ "ಖಾಲಿ ಇದೆ" ಎಂದು ಒತ್ತಡ ಕಡಿಮೆ ಮಾಡುತ್ತದೆ, ಖಾಲಿ ಗಾಡಿಯ ಹಿಂಚಕ್ರ ಲಾಕಾಗದಿರಲಿ ಎಂದು. ನಾನು ಪ್ಲೇಟು ಹಾಕಿ ಗಾಡಿಯನ್ನು ಎತ್ತರ ನಿಲ್ಲಿಸಿದ್ದೆ. ತುಂಬಿದ ಗಾಡಿ ಖಾಲಿ ಎಂದು ವಾಲ್ವಿಗೆ ಸುಳ್ಳು ಹೇಳಿದ್ದು ನಾನೇ.

ಮಾಡಬೇಕಾದ್ದು

• ಆರ್‌ಸಿ ತೆಗೆದು ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಒಟ್ಟು 2,990, ಖಾಲಿ 1,690 ಇದ್ದರೆ ಉಳಿಯುವುದು 1,300 ಕೆ.ಜಿ. ಅದರಲ್ಲೇ ನೀವು, ನಿಮ್ಮ ಜೊತೆಯವನು, ಟಾರ್ಪಾಲು, ಹಗ್ಗ ಎಲ್ಲ ಸೇರಬೇಕು. ಅದಕ್ಕೆ 150 ಬಿಟ್ಟರೆ 1,150. 15 ಕೆ.ಜಿ. ಟೊಮೆಟೊ ತುಂಬಿದ ಬಾಕ್ಸು ತನ್ನ ತೂಕವೂ ಸೇರಿ 17 ಕೆ.ಜಿ. ತೂಗಿದರೆ 67 ಬಾಕ್ಸಿಗೆ ಲೆಕ್ಕ ಮುಗಿಯಿತು. ನಿಮ್ಮ ಗಾಡಿಯ ಲೆಕ್ಕ ಮಾಡಿ ಬಾಗಿಲ ಒಳಗೆ ಬರೆದಿಡಿ. 90 ಬಾಕ್ಸು ಹೇರು ಎನ್ನುವವರಿಗೆ ಆ ಬರಹ ತೋರಿಸಿ.

• ಕಮಾನು ಪ್ಲೇಟು ತುಂಡಾದರೆ, ಬಾಗು ಕಳೆದುಕೊಂಡರೆ ಕಂಪನಿ ಹೇಳಿದಷ್ಟೇ ದಪ್ಪದ, ಅಷ್ಟೇ ಸಂಖ್ಯೆಯ ಪ್ಲೇಟು ಹಾಕಿಸಿ. ಯು ಬೋಲ್ಟು ಹೊಸದು ಹಾಕಿ, ಸ್ವಲ್ಪ ದಿನ ಓಡಿದ ಮೇಲೆ ಮತ್ತೆ ಬಿಗಿಸಿ. ಎಲ್‌ಎಸ್‌ಪಿವಿ ಸರಳನ್ನು ಕಂಪನಿಯ ಅಳತೆಗೆ ಹೊಂದಿಸಲು ಹೇಳಿ.

• ಟೈರಿನ ಗಾಳಿಯನ್ನು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುಂಚೆ, ತುಂಬಿದ ಗಾಡಿಗೆ ಹೇಳಿದ ಒತ್ತಡಕ್ಕೆ ನೋಡಿ. ಟೈರಿನ ಪಕ್ಕದಲ್ಲಿ ಬರೆದ ಭಾರದ ಸಂಖ್ಯೆ ಓದಿ. 100 ಎಂದರೆ ಆ ಟೈರು 800 ಕೆ.ಜಿ. ಹೊರುತ್ತದೆ, 112 ಎಂದರೆ 1,120. ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಇರುತ್ತದೆ. 2321 ಎಂದರೆ 2021ರ 23ನೇ ವಾರ.

• ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಚಕ್ರ ಬದಲಿಸಿ 50-100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

• ಘಟ್ಟ ಇಳಿಯುವಾಗ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಲೈನರ್ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ.

ಮಾಡಬಾರದ್ದು

• ಹೆಚ್ಚು ಭಾರ ಹೊರಲೆಂದು ಪ್ಲೇಟು ಸೇರಿಸಬೇಡಿ. ಕಮಾನು ಗಟ್ಟಿಯಾದರೆ ಬ್ರೇಕು, ಬೇರಿಂಗು, ಹೌಸಿಂಗು, ಟೈರು ಗಟ್ಟಿಯಾಗುವುದಿಲ್ಲ.

• ಎಲ್‌ಎಸ್‌ಪಿವಿ ಸರಳು ಕಳಚಿ ತಂತಿಯಲ್ಲಿ ಕಟ್ಟಬೇಡಿ.

• ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆರಿಸಬೇಡಿ. ಆರಿದ ಎಂಜಿನ್ನಿನ ಗಾಡಿಗೆ ಎರಡು ಮೂರು ಸಲ ಬ್ರೇಕ್ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಕೂಡ ಸೋಲುತ್ತದೆ.

ಅತಿಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ 20,000 ರೂಪಾಯಿ ದಂಡ ಹೇಳುತ್ತದೆ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಗಾಡಿಯ ಅಕ್ಕಪಕ್ಕ, ಹಿಂದೆ ಮುಂದೆ ಮಿತಿ ಮೀರಿ ಚಾಚಿದ ಸರಕಿಗೂ 20,000. ಹೆಚ್ಚುವರಿ 23 ಬಾಕ್ಸಿನ ಬಾಡಿಗೆಯನ್ನು ಪಕ್ಕದಲ್ಲಿಟ್ಟು ನೋಡಿ.

7. ಚಾಸಿ, ಬಾಡಿ, ಕಾಗದ

ಮಾಡಬೇಕಾದ್ದು

• ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಕಳಚಿ, ಇಸಿಎಂ ಸಾಕೆಟ್ ಬಿಚ್ಚಿ. ಅರ್ಥ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿ. ಡೀಸೆಲ್ ಟ್ಯಾಂಕ್, ಸಿಎನ್‌ಜಿ ಸಿಲಿಂಡರ್ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ.

• ಸಿಎನ್‌ಜಿ ಗಾಡಿಯ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ ಮಾಡಿಸಿ. ಅದರೊಳಗಿನ ಅನಿಲದ ಒತ್ತಡ 200 ಬಾರ್.

• ಇಂಧನ ಬದಲಾವಣೆಯಂಥ ಅನುಮತಿ ಇರುವ ಕೆಲಸಕ್ಕೆ ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಿರಿ, ಆರ್‌ಸಿಯಲ್ಲಿ ಬರೆಸಿ, ವಿಮೆ ಕಂಪನಿಗೆ ಲಿಖಿತವಾಗಿ ತಿಳಿಸಿ.

ಮಾಡಬಾರದ್ದು

• ಚಾಸಿಯ ಉದ್ದದ ತೊಲೆಗಳಿಗೆ ಕೊಕ್ಕೆ, ಕಂಬಿ ಬೆಸೆಯಬೇಡಿ. ಮೇಲಿನ, ಕೆಳಗಿನ ಅಂಚಿನಲ್ಲಿ ತೂತು ಕೊರೆಯಬೇಡಿ. ಭಾರದ ಸೆಳೆತ ಹೆಚ್ಚು ಬೀಳುವುದು ಆ ಅಂಚುಗಳಿಗೇ, ಬಿರುಕು ಹುಟ್ಟುವುದೂ ಅಲ್ಲೇ.

• ಬಾಡಿಯ ಪಕ್ಕದ ಹಲಗೆ ಎತ್ತರಿಸಬೇಡಿ. ಎತ್ತರಿಸಿದ ಜಾಗ ಖಾಲಿ ಉಳಿಯುವುದಿಲ್ಲ, ಭಾರ ಮೇಲೇರಿದ ಗಾಡಿ ತಿರುವಿನಲ್ಲಿ ಮಗುಚುತ್ತದೆ.

• ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯಾದಾಗ ಪೆಟ್ಟು ನೇರ ಚಾಸಿಗೆ, ಪಾದಚಾರಿಗೆ ಬೀಳುತ್ತದೆ.

• ಹಲವು ಸ್ವರದ ಹಾರನ್, ಕರ್ಕಶ ಸೈಲೆನ್ಸರ್ ಬೇಡ. ವೇಗಮಿತಿ ಯಂತ್ರದ ವೈರ್ ಕತ್ತರಿಸುವುದೂ ಬೇಡ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಹೇಳಿದ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 182ಎ ಕಲಂ ಅಂಥ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ.

8. ಸರಕಿನ ಗಾಡಿಯಲ್ಲಿ ಜನ ಬೇಡ

ಇಲ್ಲಿ ಮಾಡಬೇಕಾದ್ದು ಏನೂ ಇಲ್ಲ, ಮಾಡಬಾರದ್ದು ಒಂದೇ. ಮದುವೆಗೆ, ಜಾತ್ರೆಗೆ, ಕಳೆ ಕೀಳಲು, ಕಾಫಿ ಬಿಡಿಸಲು ಹಿಂಬದಿಯಲ್ಲಿ ಜನ ಕೂರಿಸಬೇಡಿ. ಬೆಂಚು ಬೆಸೆಸಿ, ಮೇಲೆ ಟಾರ್ಪಾಲು ಕಟ್ಟಿಸಿ "ವ್ಯವಸ್ಥೆ" ಮಾಡಬೇಡಿ. ಸರಕಿನ ಮೇಲೂ ಯಾರನ್ನೂ ಕೂರಿಸಬೇಡಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿತು. ಅದರಲ್ಲಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಮನೆಗೆ ಮರಳಲಿಲ್ಲ. ಸರಕಿನ ಗಾಡಿಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಮಗುಚಿದರೆ ಸರಕೇ ಮೇಲೆ ಬೀಳುತ್ತದೆ. ಸರಕಿನ ಗಾಡಿಯಲ್ಲಿ ಪುಕ್ಕಟೆ ಪಯಣಿಸಿದವರ ಪರಿಹಾರದ ಹೊಣೆ ವಿಮೆ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಹೊಣೆ ಮಾಲೀಕನ ಮನೆ, ಹೊಲದ ಮೇಲೆ ಬರುತ್ತದೆ. "ಇವತ್ತೊಂದಿನ ಅಲ್ವೇನಣ್ಣ" ಎಂದವರಿಗೆ ನೇರವಾಗಿ "ಆಗೋದಿಲ್ಲ" ಎನ್ನಿ.

9. ದಾರಿಯಲ್ಲಿ ಗಾಡಿ ಕೈಕೊಟ್ಟರೆ

• ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ. ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ, ತಿರುವಿದ್ದರೆ ತಿರುವಿಗೂ ಹಿಂದೆ ಇಡಿ.

• ಸೊಪ್ಪು, ಕಲ್ಲು ಇಟ್ಟು ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗಬೇಡಿ. ರಾತ್ರಿ ಬೈಕಿನವನ ಜೀವ ತೆಗೆಯುವುದು ಆ ಕಲ್ಲು.

• ರಸ್ತೆ ಕಡೆಯ ಚಕ್ರ ಬಿಚ್ಚುವಾಗ ವಾಹನಗಳಿಗೆ ಬೆನ್ನು ಹಾಕಿ ಕೂರಬೇಡಿ. ಜೊತೆಯವನು ಟಾರ್ಚ್ ಹಿಡಿದು ಹಿಂದೆ ನಿಲ್ಲಲಿ.

• ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ತುರ್ತಿಗೆ 112, ಆಂಬುಲೆನ್ಸಿಗೆ 108. ಮೊಬೈಲಿನಲ್ಲಿ ಇರಲಿ, ಬಾಗಿಲ ಮೇಲೂ ಬರೆದಿರಲಿ.

10. ಧೈರ್ಯವಾಗಿ ಮಾಡಿಸಿ

ಬದಲಾವಣೆಯೇ ಬೇಡವೆಂದಲ್ಲ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿ, ಮಾಸಿದರೆ ಬದಲಿಸಿ. ಮಡ್‌ಫ್ಲ್ಯಾಪ್ ಹಾಕಿಸಿ. ತೊಟ್ಟಿಯ ತಳಕ್ಕೆ ರಬ್ಬರ್ ಮ್ಯಾಟ್, ಚಾಸಿಗೆ ತುಕ್ಕು ತಡೆಯುವ ಬಣ್ಣ, ಸೊಂಟಕ್ಕೆ ಒಳ್ಳೆಯ ಸೀಟು, ಹಿಂದೆ ನೋಡಲು ಕ್ಯಾಮೆರಾ, ಕೈಗೆಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಇವು ನಿಮ್ಮನ್ನೂ ಸರಕನ್ನೂ ಕಾಯುತ್ತವೆ, ಗಾಡಿ ಹೇಳಬೇಕಾದ್ದನ್ನು ಹೇಳಲು ಬಿಡುತ್ತವೆ.

ಯಾವ ಬದಲಾವಣೆಗೂ ಒಪ್ಪುವ ಮುನ್ನ ಮೆಕ್ಯಾನಿಕ್ ಅಣ್ಣನಿಗೆ ಒಂದು ಪ್ರಶ್ನೆ ಕೇಳಿ: "ಇದರಿಂದ ತೊಂದರೆ ಹೋಗುತ್ತದೋ, ತೊಂದರೆ ಕಾಣಿಸುವುದು ಹೋಗುತ್ತದೋ?" ಕಾಣಿಸುವುದು ಮಾತ್ರ ಹೋಗುವುದಾದರೆ ಬೇಡ ಎನ್ನಿ. ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಐದು ನಿಮಿಷ ಗಾಡಿಯ ಸುತ್ತ ಒಂದು ಸುತ್ತು ಬನ್ನಿ, ಬಗ್ಗಿ ಕೆಳಗೊಮ್ಮೆ ನೋಡಿ, ಸೆಲ್ಫ್ ಹೊಡೆದು ಕಿವಿಗೊಡಿ. ಸಂಜೆ ಮನೆ ಬಾಗಿಲಲ್ಲಿ ನಿಮಗಾಗಿ ಕಾಯುವವರಿದ್ದಾರೆ. ಎದುರಿನಿಂದ ಮೊಪೆಡ್ಡಿನಲ್ಲಿ ಬರುವವನಿಗೂ ಇದ್ದಾರೆ.